ಕೈ ಎಲ್ಲಿ ನಿಲ್ಲಬೇಕು: ದಸ್ತಗಿರಿ ಮಾಡುತ್ತಾ ನಾನು ಕಲಿತದ್ದು

ಪೊಲೀಸ್ ಸರ್ವಿಸಿಗೆ ಸೇರಿದ ಹೊಸದರಲ್ಲಿ ನಾನು ಒಬ್ಬ ಹುಡುಗನ ಭುಜದ ಕೀಲು ತಪ್ಪಿಸಿದೆ. ಅವನು ವಾರಂಟ್ ಆಸಾಮಿ. ಓಡಿದ, ಬೆನ್ನಟ್ಟಿ ಹಿಡಿದೆ. ಅಲ್ಲಿಯವರೆಗೆ ಸರಿ. ಆದರೆ ಅವನು 'ಬರ್ತೀನಿ ಸಾರ್, ಬಿಡಿ' ಅಂದ ಮೇಲೂ, ಓಡಿಸಿದ ಸಿಟ್ಟಿಗೆ, ತೋಳನ್ನು ಹಿಂದಕ್ಕೆ ತಿರುಚಿ ಮೇಲಕ್ಕೆ ಎತ್ತಿದೆ. ಮೇಲಿನವರು ಯಾರೂ ಏನೂ ಕೇಳಲಿಲ್ಲ. ನನಗೆ ಮಾತ್ರ ಅದು ಮರೆಯಲಿಲ್ಲ.

ಆಮೇಲೆ ಕಾನೂನನ್ನು ಸರಿಯಾಗಿ ಓದಿದೆ. ದಸ್ತಗಿರಿ ಹೇಗೆ ಮಾಡಬೇಕು ಅಂತ ಹೇಳುವುದು ಹಳೆಯ ಸಿಆರ್‌ಪಿಸಿಯ (ದಂಡ ಪ್ರಕ್ರಿಯಾ ಸಂಹಿತೆ) 46ನೇ ಕಲಮು, 2024ರ ಜುಲೈ 1ರಿಂದ ಅದರ ಜಾಗಕ್ಕೆ ಬಂದ ಬಿಎನ್‌ಎಸ್‌ಎಸ್‌ನ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) 43. ಮಾತಿನಿಂದಲೋ ನಡವಳಿಕೆಯಿಂದಲೋ ಒಪ್ಪಿ ಬಂದವನನ್ನು ಮುಟ್ಟಲೇಬೇಕೆಂದಿಲ್ಲ. ಬಲವಂತವಾಗಿ ಅಡ್ಡಿ ಮಾಡಿದರೆ ಅಗತ್ಯವಿರುವಷ್ಟು ಬಲ ಹಾಕಬಹುದು. ಹಿಡಿದ ಮೇಲೆ, ತಪ್ಪಿಸಿಕೊಳ್ಳದ ಹಾಗೆ ತಡೆಯಲು ಬೇಕಾದಷ್ಟೇ, ಅದಕ್ಕಿಂತ ಜಾಸ್ತಿ ಇಲ್ಲ; ಇದು ಹಳೆಯದರಲ್ಲಿ 49ನೇ ಕಲಮು, ಹೊಸದರಲ್ಲಿ 46. ಅಂದರೆ 'ಬರ್ತೀನಿ' ಅಂದ ಕ್ಷಣದಲ್ಲೇ ನನ್ನ ಕೈ ಸಡಿಲ ಆಗಬೇಕಿತ್ತು.

ಅಲ್ಲಿಂದ ನನ್ನ ರೀತಿಯೇ ಬದಲಾಯಿತು. ಮನೆ ಬಾಗಿಲಲ್ಲಿ ಎರಡು ಮಾರು ದೂರ ನಿಂತು ಹೆಸರು ಹೇಳುತ್ತಿದ್ದೆ, ವಾರಂಟ್ ತೋರಿಸುತ್ತಿದ್ದೆ, ಅಂಗಿ ಹಾಕಿಕೊಂಡು ಮನೆಯವರಿಗೆ ಹೇಳಿ ಬರಲು ಸಮಯ ಕೊಡುತ್ತಿದ್ದೆ. ಮಾತಾಡೋದು ಒಬ್ಬನೇ. ಇಬ್ಬರೂ ಕೂಗಿದರೆ ಅವನು ಯಾರ ಮಾತು ಕೇಳಬೇಕು, ಅಲ್ವಾ? ಇನ್ನೊಬ್ಬ ಪಕ್ಕದಲ್ಲಿ ನಿಂತು ಅವನ ಕೈಗಳನ್ನೇ ನೋಡುತ್ತಿರಬೇಕು. ಕೊಸರಾಡಿದರೆ ಒಂದೊಂದು ತೋಳಿಗೆ ಒಬ್ಬೊಬ್ಬರು, ಮಣಿಕಟ್ಟು ಮತ್ತು ಮೊಣಕೈ ಮೇಲೆ ಹಿಡಿತ. ಕುತ್ತಿಗೆಗೆ ಕೈ ಹಾಕಬಾರದು.

ನೆಲಕ್ಕೆ ಬಿದ್ದರೆ ಇನ್ನೂ ಎಚ್ಚರ ಬೇಕು. ಬೋರಲು ಬಿದ್ದವನ ಬೆನ್ನ ಮೇಲೆ ಮಂಡಿ ಊರಿ ಕೂತರೆ ಎದೆ ಹಿಗ್ಗುವುದಿಲ್ಲ, ಕುಡಿದವನಾದರೆ ಅಪಾಯ ಇನ್ನೂ ಜಾಸ್ತಿ. 2020ರ ಮೇ 25ರಂದು ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ಜಾರ್ಜ್ ಫ್ಲಾಯ್ಡ್ ಸತ್ತದ್ದು ಹೀಗೆ ಬೋರಲು ಬಿದ್ದೇ, ಒಂಬತ್ತು ನಿಮಿಷಕ್ಕೂ ಹೆಚ್ಚು ಹೊತ್ತು ಕುತ್ತಿಗೆಯ ಮೇಲೆ ಊರಿದ ಒಬ್ಬ ಪೊಲೀಸನ ಮಂಡಿಯ ಕೆಳಗೆ. ಆ ವಿಡಿಯೋವನ್ನು ಹೊಸ ಹುಡುಗರಿಗೆ ತೋರಿಸಿ ಹೇಳುತ್ತಿದ್ದೆ: ಕೈ ಹಿಡಿತಕ್ಕೆ ಸಿಕ್ಕ ತಕ್ಷಣ ಮಗ್ಗುಲಿಗೆ ಹೊರಳಿಸಿ, ಎಬ್ಬಿಸಿ ಕೂರಿಸಿ. 'ಉಸಿರು ಕಟ್ಟುತ್ತಿದೆ' ಅಂದರೆ ನಾಟಕ ಅಂತ ಅಂದುಕೊಳ್ಳಲೇಬೇಡಿ.

ಹೆಂಗಸರ ವಿಷಯದಲ್ಲಿ, ದಸ್ತಗಿರಿ ಅಂತ ನಾವು ಬಾಯಲ್ಲಿ ಹೇಳಿದರೆ, ಸಂದರ್ಭ ಬೇರೆ ಥರ ತೋರಿಸದಿದ್ದರೆ, ಅವರು ಒಪ್ಪಿದಂತೆಯೇ ಲೆಕ್ಕ; ಮುಟ್ಟಬೇಕಾಗಿ ಬಂದರೆ, ಬೇರೆ ದಾರಿಯಿಲ್ಲದ ಸಂದರ್ಭ ಬಿಟ್ಟು, ಮಹಿಳಾ ಸಿಬ್ಬಂದಿಯೇ ಮುಟ್ಟಬೇಕು.

ಇನ್ನು 'ಸುಮ್ನೆ ಒಂದು ಏಟು' ಅನ್ನೋರಿಗೆ. ಹಿಡಿದಾದ ಮೇಲೆ ಹೊಡೆಯೋದು ದಸ್ತಗಿರಿಯ ಭಾಗವೇ ಅಲ್ಲ, ಅದು ಅಪರಾಧ. ಬಾಯಿ ಬಿಡಿಸಲು ಹೊಡೆದರಂತೂ ಏಳು ವರ್ಷದವರೆಗೆ ಜೈಲು. 1996ರ ಡಿ.ಕೆ. ಬಸು ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಪ್ರಕಾರ, ದಸ್ತಗಿರಿಯಾದವನು ಕೇಳಿದರೆ ಮೈಮೇಲಿನ ಸಣ್ಣಪುಟ್ಟ ಗಾಯವನ್ನೂ ಆಗಲೇ ನೋಡಿ ಬರೆಯಬೇಕು, ಅವನದು, ಪೊಲೀಸನದು ಇಬ್ಬರ ಸಹಿಯೂ ಬೇಕು. ನಾನು ಅವರು ಕೇಳದಿದ್ದರೂ ಬರೆಯುತ್ತಿದ್ದೆ. 'ಓಡುವಾಗ ಬಿದ್ದು ಎಡ ಮೊಣಕೈ ತರಚಿದೆ' ಅಂತ ಇದ್ದದ್ದು ಇದ್ದ ಹಾಗೆ.

ಕೆಲವು ವರ್ಷ ಬಿಟ್ಟು ಅದೇ ಹುಡುಗನ ಮೇಲೆ ಇನ್ನೊಂದು ವಾರಂಟ್ ಬಂತು. ಬಾಗಿಲು ತೆಗೆದವನು ನನ್ನನ್ನು ನೋಡಿದ, ಕೈ ತಾನಾಗಿ ಭುಜಕ್ಕೆ ಹೋಯಿತು. ನಾನು ನಿಂತಲ್ಲೇ ನಿಂತು ಹೆಸರು ಕೂಗಿದೆ, ಕಾಗದ ತೋರಿಸಿದೆ, 'ಊಟ ಆಗಿದೆಯಾ' ಅಂತ ಕೇಳಿದೆ. ಅವನು ಚಪ್ಪಲಿ ಮೆಟ್ಟಿಕೊಂಡು ಬಂದು ತಾನೇ ಜೀಪ್ ಹತ್ತಿದ.