ಕಾನೂನು ನೆರವು ಸಂಸ್ಥೆಗೆ ಹೊಸ ಹೆಸರು, ಹೊಸ ವೆಬ್‌ಸೈಟ್: ಕನ್ನಡ ಮುಂದೆ, ಇಂಗ್ಲಿಷ್ ಹಿಂದೆ

ನಮ್ಮ ಕಾನೂನು ನೆರವು ಸಂಸ್ಥೆಯ ಹೊಸ ಸೈಟ್ ತೆರೆದರೆ ಮೊದಲು ಕನ್ನಡ ಕಾಣಲಿ, ಇಂಗ್ಲಿಷ್ ಬೇಕಾದವರು ಮೂಲೆಯಲ್ಲಿ ಒತ್ತಿ ಹೋಗಲಿ ಅಂದಾಗ ಟ್ರಸ್ಟಿಗಳಲ್ಲಿ ಅರ್ಧ ಜನ ಒಪ್ಪಲಿಲ್ಲ. ದಾನಿಗಳು ಓಡಿಹೋಗ್ತಾರೆ ಅಂದರು. ಕೊಟೇಶನ್ ಕೊಟ್ಟ ಏಜೆನ್ಸಿಯದೂ ಅದೇ ರಾಗ, ಮೇಲೆ 6 ಲಕ್ಷ, ಜಿಎಸ್‌ಟಿ ಬೇರೆ. ಕೊನೆಗೆ ಎರಡೂಕಾಲು ಲಕ್ಷದ ಆಸುಪಾಸಿನಲ್ಲಿ ಮುಗಿಯಿತು. ಸೈಟ್ ಏರಿ 11 ತಿಂಗಳಾಯಿತು, ದಾನಿ ಒಬ್ಬರೂ ಓಡಿಲ್ಲ. ‘ಆಫೀಸ್ ಎಲ್ಲಿ, ಫೀಸ್ ಎಷ್ಟು’ ಅನ್ನುವ ಫೋನು ದಿನಕ್ಕೆ ಹದಿನೈದು ಬರುತ್ತಿದ್ದದ್ದು ಈಗ ನಾಲ್ಕೈದು.

ಹೆಸರಿನ ವಿಷಯ ಮೊದಲು. ಟ್ರಸ್ಟ್ ಡೀಡಿನ ಹೆಸರಿಗೆ ಕೈ ಹಾಕಲಿಲ್ಲ. ಅದನ್ನು ಬದಲಿಸಿದರೆ ಪ್ಯಾನ್, ತೆರಿಗೆ ವಿನಾಯಿತಿಯ 12ಎ, 80ಜಿ ನೋಂದಣಿ, ಬ್ಯಾಂಕ್, ವಿದೇಶಿ ದೇಣಿಗೆ ಕಾಯ್ದೆಯಾದ ಎಫ್‌ಸಿಆರ್‌ಎಗೆ ಎಫ್‌ಸಿ-6ಎ ಫಾರಂ, ಹೀಗೆ ವರ್ಷ ಹೋಗುತ್ತದೆ. ಹೊರಗೆ ಕರೆಯುವ ಹೆಸರು ಮಾತ್ರ ಹೊಸದು. ರಸೀದಿಯಲ್ಲಿ, ಪುಟದ ಅಡಿಯಲ್ಲಿ ಹಳೆಯದೇ ಇದೆ. ಹೊಸ ಹೆಸರಿಗೆ ಟ್ರೇಡ್‌ಮಾರ್ಕ್ 45ನೇ ವರ್ಗದಲ್ಲಿ ಹಾಕಬೇಕು, ಕಾನೂನು ಸೇವೆ ಬರುವುದು ಅಲ್ಲಿ.

ಲೋಗೋದಲ್ಲಿ ತಕ್ಕಡಿ ಬೇಡ, ಹೈಕೋರ್ಟ್ ಇರುವ ಕೆಂಪು ಅಠಾರ ಕಚೇರಿಯ ಗೀಟು ಚಿತ್ರವೂ ಬೇಡ. ಕಣ್ಣಿಗೆ ಪಟ್ಟಿ ಕಟ್ಟಿದ ನ್ಯಾಯದೇವತೆಯನ್ನು ಸುಪ್ರೀಂ ಕೋರ್ಟೇ 2024ರಲ್ಲಿ ಪಟ್ಟಿ ಬಿಚ್ಚಿ, ಕತ್ತಿಯ ಜಾಗಕ್ಕೆ ಸಂವಿಧಾನ ಕೊಟ್ಟು ನಿಲ್ಲಿಸಿದ ಮೇಲೆ ಆ ಚಿತ್ರಕ್ಕೂ ವಯಸ್ಸಾಯಿತು. ಹಳೆಯ ಲೋಗೋದಲ್ಲಿ ಸಿಂಹದ ತಲೆಗಳಿದ್ದವು. ರಾಷ್ಟ್ರಲಾಂಛನ ಹೋಲುವ ಗುರುತನ್ನು ಖಾಸಗಿ ಸಂಸ್ಥೆ ಬಳಸಲು 2005ರ ಕಾಯ್ದೆ ಬಿಡುವುದಿಲ್ಲ. ಕಾನೂನು ಹೇಳಿಕೊಡುವವರ ಲೆಟರ್‌ಹೆಡ್ಡಿನಲ್ಲೇ ಅದು ಕೂತಿತ್ತು!

ಮೊದಲ ಎರಡು ಲೋಗೋ ಬಿದ್ದದ್ದು ಜೆರಾಕ್ಸ್ ಪರೀಕ್ಷೆಯಲ್ಲಿ. ಈ ಕೆಲಸದಲ್ಲಿ ಲೋಗೋ ಪರದೆಗಿಂತ ಹೆಚ್ಚು ಬದುಕುವುದು ಅರ್ಜಿಯ ಮೇಲೆ, ರಬ್ಬರ್ ಸೀಲಿನಲ್ಲಿ. 12 ಮಿಲಿಮೀಟರ್ ಅಗಲಕ್ಕೆ ಪ್ರಿಂಟ್ ತೆಗೆದು, ಜೆರಾಕ್ಸ್‌ನ ಜೆರಾಕ್ಸ್ ಅಂತ ಮೂರು ಸುತ್ತು ಹಾಕಿ ನೋಡಿ. ಸಣ್ಣ ಗೆರೆಗಳು ಎರಡನೇ ಸುತ್ತಿಗೇ ಮಾಯ, ಒತ್ತಕ್ಷರದ ಹೊಟ್ಟೆ ಮೂರನೆಯದರಲ್ಲಿ ಮಸಿ ತುಂಬಿ ಮುಚ್ಚಿಹೋಗುತ್ತದೆ. ಕೊನೆಗೆ ಒತ್ತಿಲ್ಲದ ಒಂದೇ ಅಕ್ಷರ ಉಳಿಯಿತು. ಬ್ರೌಸರ್ ಟ್ಯಾಬಿನ 16 ಪಿಕ್ಸೆಲ್‌ನಲ್ಲೂ ಅದು ಅಕ್ಷರವಾಗಿಯೇ ಕಾಣುತ್ತದೆ. ಬೋರ್ಡಿನಲ್ಲಿ ಶೇ 60 ಕನ್ನಡ ಇರಲೇಬೇಕು, ಅದೂ ಮೇಲ್ಭಾಗದಲ್ಲಿ, ಆ ನಿಯಮ ಟ್ರಸ್ಟ್‌ಗಳಿಗೂ ಅನ್ವಯ. ಕನ್ನಡದಲ್ಲೇ ಬರೆಸಿದ್ದರಿಂದ ಬೋರ್ಡಿಗೆ ಎರಡನೇ ಸಲ ದುಡ್ಡು ಹೋಗಲಿಲ್ಲ.

ಈಗ ನಿಜವಾದ ತಲೆನೋವು. ಹಳೆಯ ಸೈಟಿನಲ್ಲಿ ‘ನುಡಿ’ ತಂತ್ರಾಂಶದಲ್ಲಿ ಟೈಪ್ ಮಾಡಿದ ಸುಮಾರು 300 ಪಿಡಿಎಫ್, ಎಲ್ಲ ಯೂನಿಕೋಡ್‌ಗಿಂತ (ಈಗ ಎಲ್ಲ ಕಡೆ ಓಡುವ ಅಕ್ಷರಸಂಕೇತ) ಹಿಂದಿನವು. ಗೂಗಲ್‌ಗೆ ಅವು ಕನ್ನಡವೇ ಅಲ್ಲ. ಪರಿವರ್ತಕಕ್ಕೆ ಹಾಕಿದರೆ ಅರ್ಕಾವತ್ತು ಕೈಕೊಡುತ್ತದೆ. ನುಡಿಯಲ್ಲಿ ಅದು ಅಕ್ಷರದ ನಂತರ ಕೂರುತ್ತದೆ, ಯೂನಿಕೋಡ್‌ನಲ್ಲಿ ಮುಂಚೆಯೇ ಬರಬೇಕು. ಹಾಗಾಗಿ ಅರ್ಜಿ ಹೋಗಿ ‘ಅಜಿರ್’, ವರ್ಷ ಹೋಗಿ ‘ವಷರ್’. ಸರಿ, ಕೊನೆಯ ‘ರ್’ ಅನ್ನು ಹಿಂದಕ್ಕೆ ತಳ್ಳು ಅಂತ ಸ್ಕ್ರಿಪ್ಟಿಗೆ ಹೇಳಿದರೆ, ನೆಟ್ಟಗಿದ್ದ ಮ್ಯಾನೇಜರ್ ‘ಮ್ಯಾನೇರ್ಜ’ ಆದ, ಕಲೆಕ್ಟರ್ ‘ಕಲೆರ್ಕ್ಟ’ ಆದರು. ಮುಟ್ಟಬಾರದ ಪದಗಳ ಪಟ್ಟಿ ಮಾಡಿದ ಮೇಲೆ ಹಿಡಿತಕ್ಕೆ ಬಂತು, ಇನ್ನೂರ ಚಿಲ್ಲರೆ ಪದ. ಆ ಪಟ್ಟಿ ಇಲ್ಲಿ ಹಾಕುವುದಿಲ್ಲ, ಬೆವರು ಸುರಿಸಿದ್ದು. ಕೊನೆಗೆ ಉಳಿಸಿಕೊಂಡ ಪಿಡಿಎಫ್ 80, ಮಿಕ್ಕವು ಹೇಗೂ ರದ್ದಿ.

ರದ್ದಿ ಆಗಿದ್ದಕ್ಕೆ ಕಾರಣ 2024ರ ಜುಲೈ 1. ಅಂದು ಐಪಿಸಿ ಹೋಗಿ ಭಾರತೀಯ ನ್ಯಾಯ ಸಂಹಿತೆ (ಬಿಎನ್‌ಎಸ್), ಸಿಆರ್‌ಪಿಸಿ ಹೋಗಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ (ಬಿಎನ್‌ಎಸ್‌ಎಸ್) ಬಂದವು. ಆದರೆ ಜನ ಇಂದಿಗೂ ಹುಡುಕುವುದು ‘498ಎ’ (ಗಂಡನ ಮನೆಯವರ ಕ್ರೌರ್ಯ), ‘125 ಜೀವನಾಂಶ’. ಬರೀ ಹೊಸ ಸೆಕ್ಷನ್ ಬರೆದರೆ ಪುಟ ಸಿಗುವುದಿಲ್ಲ, ಬರೀ ಹಳೆಯದಾದರೆ ತಪ್ಪು. ಶೀರ್ಷಿಕೆಯಲ್ಲಿ ಎರಡೂ ಇವೆ. ಜೀವನಾಂಶ ಈಗ ಬಿಎನ್‌ಎಸ್‌ಎಸ್ 144. ಜನರ ಬಾಯಲ್ಲಿ 144 ಅಂದರೆ ನಿಷೇಧಾಜ್ಞೆ, ಅದು ಈಗ 163ಕ್ಕೆ ಹೋಗಿದೆ. ಈ ಒಂದು ಗೊಂದಲಕ್ಕೇ ಪ್ರತ್ಯೇಕ ಪುಟ ಮಾಡಿದೆವು, ಅತಿ ಹೆಚ್ಚು ಓದಿಸಿಕೊಳ್ಳುವ ಮೂರರಲ್ಲಿ ಅದೂ ಒಂದು.

ಮುಖಪುಟದಲ್ಲಿ ‘ನಮ್ಮ ಧ್ಯೇಯ’ ಇಲ್ಲ. ಆರು ಪ್ರಶ್ನೆ ಮಾತ್ರ: ಸಂಬಳ ಕೊಟ್ಟಿಲ್ಲ, ಮನೆಯಲ್ಲಿ ಹೊಡೀತಾರೆ, ಮನೆ ಖಾಲಿ ಮಾಡಿ ಅಂತಿದ್ದಾರೆ, ಹೀಗೆ. ಬೆಂಗಳೂರಿನ ಪೀಣ್ಯ, ಬೊಮ್ಮನಹಳ್ಳಿಯ ಗಾರ್ಮೆಂಟ್ಸ್ ಹೆಂಗಸರ ಕೈಗೆ ಫೋನ್ ಕೊಟ್ಟು ನೋಡಿದಾಗ ‘ಪರಿಹಾರೋಪಾಯಗಳು’ ಮೇಲೆ ಒಬ್ಬರೂ ಬೆರಳಿಡಲಿಲ್ಲ, ‘ಈಗ ಏನು ಮಾಡಬೇಕು’ ಅಂತ ತಿದ್ದಿದ ಮೇಲೆ ಎಲ್ಲರೂ ಒತ್ತಿದರು. ‘ಜಾಮೀನು’ ನಡೆಯುತ್ತದೆ, ‘ತಡೆಯಾಜ್ಞೆ’ಗಿಂತ ‘ಸ್ಟೇ’ ವಾಸಿ. ಪ್ರತಿ ಪುಟದಲ್ಲೂ ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರದ (ನಾಲ್ಸಾ) ಸಹಾಯವಾಣಿ 15100 ಇದೆ. ಹೆಂಗಸರಿಗೆ, ಮಕ್ಕಳಿಗೆ, ಎಸ್‌ಸಿ-ಎಸ್‌ಟಿಯವರಿಗೆ ಉಚಿತ ವಕೀಲರ ನೆರವಿಗೆ ಆದಾಯದ ಮಿತಿ ಇಲ್ಲ ಅನ್ನುವ ಸಾಲೂ ಇದೆ. ಇದು ಎಷ್ಟೋ ಜನಕ್ಕೆ ಗೊತ್ತೇ ಇಲ್ಲ.

‘ಗೆದ್ದ ಕೇಸುಗಳು’ ಪುಟ ತೆಗೆದೆವು. ಬಾರ್ ಕೌನ್ಸಿಲ್‌ನ 36ನೇ ನಿಯಮದಡಿ ವಕೀಲರು ಜಾಹೀರಾತು ಕೊಡುವಂತಿಲ್ಲ, ಫೋಟೋ ಹಾಕಿ ಗೆಲುವು ಎಣಿಸಿದರೆ ಅದು ಜಾಹೀರಾತೇ. ಅದೇ ಪುಟದಲ್ಲಿದ್ದ ಪೋಕ್ಸೋ (ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ) ಪ್ರಕರಣವೊಂದರಲ್ಲಿ ಹೆಸರು ಬದಲಿಸಿದ್ದರೂ ಶಾಲೆಯ ಹೆಸರು, ಬೀದಿ ಉಳಿದಿದ್ದವು. ಮಗುವಿನ ಗುರುತು ಸಿಗುವ ಯಾವ ವಿವರವೂ ಇರಬಾರದು, ಹೆಸರೊಂದೇ ಅಲ್ಲ.

ಹಿಂಸೆಯ ಪುಟದಲ್ಲಿ ‘ಬೇಗ ಹೊರಗೆ’ ಬಟನ್ ಇದೆ. ಒತ್ತಿದರೆ ಬೇರೆ ಸೈಟಿಗೆ ಹೋಗುತ್ತದೆ, ಬ್ಯಾಕ್ ಒತ್ತಿದರೂ ಆ ಪುಟಕ್ಕೆ ಮರಳುವುದಿಲ್ಲ. ಹಿಸ್ಟರಿ ಅಳಿಸುವ ಶಕ್ತಿ ಅದಕ್ಕಿಲ್ಲ, ಆದ್ದರಿಂದ ಟ್ಯಾಬಿನ ಶೀರ್ಷಿಕೆಯನ್ನು ಸಪ್ಪೆಯಾಗಿಟ್ಟಿದ್ದೇವೆ. ಯಾವ ಸೈಟಿಗೆ ಹಾರುತ್ತದೆ ಅಂತ ಬರೆಯುವುದಿಲ್ಲ, ಬರೆದರೆ ಬಟನ್ ಇದ್ದೂ ದಂಡ.

ಸೈಟ್ ಕಟ್ಟುವ ತಂತ್ರಾಂಶ ವರ್ಡ್‌ಪ್ರೆಸ್‌ನಲ್ಲಿ ಕನ್ನಡ ಕಟ್ಟುವವರಿಗೆ ಒಂದೆರಡು ಮಾತು. ಪುಟದ ವಿಳಾಸ (ಲಿಂಕ್) ಕನ್ನಡದಲ್ಲಿ ಇಡಬೇಡಿ. ಒಂದೊಂದು ಚಿಹ್ನೆಯೂ ಒಂಬತ್ತು ಅಕ್ಷರವಾಗಿ ಹಿಗ್ಗುತ್ತದೆ, 200ರ ಮಿತಿಯಲ್ಲಿ 22 ಚಿಹ್ನೆಗೇ ಕತ್ತರಿ ಬೀಳುತ್ತದೆ, ವಾಟ್ಸಾಪ್‌ನಲ್ಲಿ ಕಳಿಸಿದರೆ ವೈರಸ್ ಲಿಂಕ್ ಅಂದುಕೊಳ್ಳುತ್ತಾರೆ. ವರ್ಡ್‌ಪ್ರೆಸ್ ತಾನೇ ತೆಗೆಯುವ ಸಾರಾಂಶದ 55 ಪದ ಕನ್ನಡದಲ್ಲಿ ಇಡೀ ಪರದೆ ನುಂಗುತ್ತದೆ, 18 ಸಾಕು. ಸಾಲಿನ ಅಂತರ ಅಕ್ಷರದ ಗಾತ್ರದ 1.7 ಪಟ್ಟು, ಶೀರ್ಷಿಕೆಗೆ 1.45. ಇಂಗ್ಲಿಷ್ ಥೀಮಿನ 1.15 ಬಿಟ್ಟರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ಡಿಕ್ಕಿ ಹೊಡೆಯುತ್ತದೆ. ‘ಅನೇಕ್ ಕನ್ನಡ’ ಫಾಂಟ್ ಶೀರ್ಷಿಕೆಗೆ, ‘ನೋಟೋ ಸ್ಯಾನ್ಸ್’ ಒಳಪಠ್ಯಕ್ಕೆ, ಎರಡೂ ಪುಕ್ಕಟೆ. ಫಾಂಟ್ ತೂಕ ಇಳಿಸಲು ಅಕ್ಷರ, ಒತ್ತು ಜೋಡಿಸುವ ಲೇಔಟ್ ಫೀಚರ್ ಕತ್ತರಿಸಿದಿರೋ, ಒತ್ತುಗಳೆಲ್ಲ ಬಿಡಿಬಿಡಿ.

ದೇಣಿಗೆ ಪುಟದಲ್ಲಿ ಹುಷಾರು. ವಿದೇಶಿ ದೇಣಿಗೆ ಮೊದಲು ಇಳಿಯಬೇಕಾದ್ದು ಎಸ್‌ಬಿಐ ದೆಹಲಿ ಮುಖ್ಯ ಶಾಖೆಯ ಎಫ್‌ಸಿಆರ್‌ಎ ಖಾತೆಗೆ ಮಾತ್ರ. ನೋಡಬೇಕಾದ್ದು ದುಡ್ಡು ಕಟ್ಟುವ ಕಾರ್ಡನ್ನಲ್ಲ, ಪಾಸ್‌ಪೋರ್ಟನ್ನು. ಅಮೆರಿಕದಲ್ಲಿರುವ ಭಾರತೀಯ ಪಾಸ್‌ಪೋರ್ಟಿನವರ ದುಡ್ಡು ದೇಶಿ, ಬೆಂಗಳೂರಲ್ಲೇ ಇರುವ ಒಸಿಐ ಕಾರ್ಡಿನವರದು (ಭಾರತ ಮೂಲದ ವಿದೇಶಿ ಪ್ರಜೆಗಳು) ವಿದೇಶಿ. ಅದನ್ನು ಕೇಳುವ ಒಂದು ಟಿಕ್ ಪೆಟ್ಟಿಗೆ ಕಡ್ಡಾಯ ಮಾಡಿದೆವು. ಪ್ಯಾನ್, ವಿಳಾಸ ಅಲ್ಲೇ ತೆಗೆದುಕೊಂಡರೆ ಮೇ 31ರೊಳಗೆ ಆದಾಯ ತೆರಿಗೆ ಇಲಾಖೆಗೆ ಕೊಡಬೇಕಾದ ದೇಣಿಗೆ ವಿವರಕ್ಕೆ ಒದ್ದಾಟ ಇಲ್ಲ.

ಪಕ್ಕದ ಪ್ರಯೋಗ ಎರಡು. ಕೆ.ಜಿ. ರಸ್ತೆಯ ಸಿಟಿ ಸಿವಿಲ್ ಕೋರ್ಟಿನ ಸುತ್ತಲ ಟೀ ಅಂಗಡಿ, ಜೆರಾಕ್ಸ್ ಅಂಗಡಿಗಳಲ್ಲಿ ಕ್ಯೂಆರ್ ಸ್ಟಿಕ್ಕರ್ ಅಂಟಿಸಿದ್ದು ಪೂರ್ತಿ ಟುಸ್, ಸ್ಕ್ಯಾನ್ ಮಾಡಿದವರು ಪೇಮೆಂಟ್ ಅಂದುಕೊಂಡಿದ್ದರು. ಪುಟದ ತಲೆಯಲ್ಲಿ 40 ಸೆಕೆಂಡಿನ ಧ್ವನಿ ಇಟ್ಟದ್ದು ಗೆದ್ದಿತು. 32 ಕೆಬಿಪಿಎಸ್ ಮೊನೊ, 160 ಕೆಬಿ, ಸಿಗ್ನಲ್ ಕಡಿಮೆ ಇದ್ದರೂ ಓಡುತ್ತದೆ.

ಖರ್ಚು ನೆನಪಿದ್ದಷ್ಟು: ಲೋಗೋ 40 ಸಾವಿರ, ಸೈಟ್ ಕಟ್ಟಲು 80, ಕನ್ನಡ ತಿದ್ದಿಸಲು 45, ಧ್ವನಿ 10, ಬೋರ್ಡು, ಲೆಟರ್‌ಹೆಡ್ 20, ಹೋಸ್ಟಿಂಗ್ 10. ಬಿದ್ದ ಲೋಗೋಗಳಿಗೂ, ಅವಸರಕ್ಕೆ ಮುದ್ರಿಸಿ ಕಟ್ಟಿಟ್ಟ ಸಾವಿರ ಕರಪತ್ರಕ್ಕೂ ದಂಡವಾಗಿ 25. ಕನ್ನಡ ತಿದ್ದುವವರಿಗೆ ಕೊಟ್ಟದ್ದರಲ್ಲಿ ಮಾತ್ರ ಚೌಕಾಸಿ ಮಾಡಲಿಲ್ಲ.

ಸೈಟ್ ಬದಲಿಸಿದ ದಿನ, ಮೇಲ್ ಎಲ್ಲಿಗೆ ಹೋಗಬೇಕು ಅಂತ ಹೇಳುವ ಎಂಎಕ್ಸ್ ದಾಖಲೆ ನಕಲಿಸುವುದು ಮರೆತು ಎರಡು ದಿನ ಒಂದೂ ಮೇಲ್ ಬರಲಿಲ್ಲ. ಹಿಂದಿನ ದಿನವೇ ಟಿಟಿಎಲ್ (ಹಳೆಯ ವಿಳಾಸವನ್ನು ನೆಟ್ ನೆನಪಿಡುವ ಅವಧಿ) 300 ಸೆಕೆಂಡಿಗೆ ಇಳಿಸಿ, ಎಂಎಕ್ಸ್ ಜೊತೆಗೆ ಮೇಲ್ ನಕಲಿಯಲ್ಲ ಅಂತ ತೋರಿಸುವ ಎಸ್‌ಪಿಎಫ್, ಡಿಕಿಮ್ ಬರೆದಿಟ್ಟುಕೊಳ್ಳಿ. ಹಳೆಯ ಲಿಂಕುಗಳನ್ನೆಲ್ಲ ಸಾರಾಸಗಟಾಗಿ ಮುಖಪುಟಕ್ಕೆ ತಿರುಗಿಸಿದ್ದೂ ತಪ್ಪೇ, ಗೂಗಲ್ ಅವನ್ನು ಸತ್ತ ಪುಟ ಅಂತಲೇ ಎಣಿಸಿತು. ಒಂದೊಂದಕ್ಕೂ ಅದರ ಜೋಡಿ ಪುಟ ಹುಡುಕಿ 301 (ಕಾಯಂ ತಿರುವು) ಹಾಕಲು ಮೂರು ವಾರ ಹಿಡಿಯಿತು. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಟೈಪ್ ಮಾಡಿ ಹುಡುಕುವವರಿಗೆ ಇನ್ನೂ ಸರಿಯಾದ ದಾರಿ ಮಾಡಿಲ್ಲ. ‘ಸಂಬಳ’ಕ್ಕೇ ಐದು ಸ್ಪೆಲಿಂಗ್ ಸಿಕ್ಕಿವೆ.