ಡಾನ್ ಡಾನ್ ನೂಡಲ್ಸಿಗೆ ನಮ್ಮ ತೆಪ್ಪಲ್: ಕೊನೆಗೂ ಕೈಗೆ ಹತ್ತಿದ ಕ್ರಮ

ಡಾನ್ ಡಾನ್ ಅಂದರೆ ಚೀನಾದ ಸಿಚುವಾನ್ ಪ್ರಾಂತ್ಯದ ಖಾರದ ನೂಡಲ್ಸ್. ಅದಕ್ಕೆ ಹಾಕುವುದು ನಾಲಿಗೆ ಜುಮ್ಮೆನಿಸುವ ಸಿಚುವಾನ್ ಪೆಪ್ಪರ್. ಅದರ ಬದಲು ತೆಪ್ಪಲ್, ಅಂದರೆ ನಮ್ಮ ಕರಾವಳಿಯಲ್ಲಿ ಮೀನು ಸಾರಿಗೆ ಬಿಡುವ ಕಾಯಿ, ಹಾಕಿಯೂ ಮಾಡಬಹುದು. ಬರೀ ಮಾಡಬಹುದು ಅಂತಲ್ಲ, ಚೆನ್ನಾಗಿಯೇ ಆಗುತ್ತದೆ. ಇಷ್ಟು ಗಟ್ಟಿಯಾಗಿ ಹೇಳಲು ಕಾರಣ ಇದೆ. ಇಷ್ಟು ದಿನ "ಆಗಲ್ಲ" ಅಂದವರೇ ಜಾಸ್ತಿ. ಅದರಲ್ಲೂ ನಮ್ಮ ಬಾವ. ಅವರು ಹಡಗಿನ ಅಡುಗೆಮನೆಯಲ್ಲಿ ದುಡಿದವರು, ಚೀನಾದ ಬಂದರುಗಳಲ್ಲಿ ಇಳಿದು ತಿಂದವರು. "ಸಿಚುವಾನ್ ಪೆಪ್ಪರ್ ಇಲ್ಲದೆ ಅದು ಡಾನ್ ಡಾನ್ ಅಲ್ಲ ಮಾರಾಯ. ತೆಪ್ಪಲ್ ಏನಿದ್ರೂ ಬಂಗುಡೆಗೆ" ಅಂತ ಅವರ ತೀರ್ಪು. ತೆಪ್ಪಲ್ ಕೊಟ್ಟ ಪಕ್ಕದ ಮನೆಯ ಆಂಟಿ ಕೂಡ "ಇದನ್ನು ಹಂದಿ ಮಾಂಸಕ್ಕೆ ಯಾರಾದ್ರೂ ಹಾಕ್ತಾರಾ?" ಅಂದಿದ್ದರು. ಈಗ ಮಂಗಳೂರಿನ ನಮ್ಮ ಮನೆಯಿಂದ ಭಾನುವಾರ ಭಾನುವಾರ ಈ ನೂಡಲ್ಸಿನ ಡಬ್ಬಿ ಮಾರಾಟಕ್ಕೆ ಹೋಗುತ್ತಿದೆ. ಹಾಗಾಗಿ ಕ್ರಮವನ್ನು ಬರೆದಿಡುತ್ತಿದ್ದೇನೆ.

ನಾನು ಹೇಳುವುದು ಚೆಂಗ್ಡು ಕಡೆಯ ಡಾನ್ ಡಾನ್. ಕಾವಡಿಯ ಒಂದು ತುದಿಗೆ ಒಲೆ, ಪಾತ್ರೆ, ಇನ್ನೊಂದು ತುದಿಗೆ ನೂಡಲ್ಸ್, ಮಸಾಲೆ ಕಟ್ಟಿಕೊಂಡು ಸಿಚುವಾನಿನ ಬೀದಿಗಳಲ್ಲಿ ಮಾರುತ್ತಿದ್ದ ತಿಂಡಿ ಅದು. ಬಟ್ಟಲು ಸಣ್ಣದು. ಸಾರು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ತಳದಲ್ಲಿ ಸಾಸ್, ನಡುವೆ ನೂಡಲ್ಸ್, ಮೇಲೆ ಗರಿಗರಿ ಖೀಮಾ. ಕಡಲೆಕಾಯಿ ಬೆಣ್ಣೆ ಸುರಿದು ದಪ್ಪ ಗ್ರೇವಿ ಮಾಡುವುದು ಹೊರದೇಶದ ಹೋಟೆಲುಗಳಲ್ಲಿ ಕಾಣುವ ರೂಪ. ಅದು ಬೇಕಿದ್ದವರಿಗೆ ಈ ಬರಹದಿಂದ ಉಪಯೋಗ ಇಲ್ಲ.

ಮೊದಲು ಹಂದಿ ಖೀಮಾ. ಜನ ಎಡವುವುದು ಇಲ್ಲೇ, ಸಾಸಿನಲ್ಲಿ ಅಲ್ಲ. ಅಂಗಡಿಯಲ್ಲಿ ಮೆಷಿನ್‌ಗೆ ಹಾಕಿಸಿದ ಖೀಮಾ ಬಾಣಲೆಗೆ ಬಿದ್ದ ತಕ್ಷಣ ನೀರು ಬಿಡುತ್ತದೆ. ಹುರಿಯುವ ಬದಲು ಬೇಯುತ್ತದೆ, ಉಂಡೆಗಟ್ಟುತ್ತದೆ. ಅದಕ್ಕೆ ಜೋಳದ ಹಿಟ್ಟು ಹಾಕಿ ನೋಡಿದೆ. ಹೊರಗೆ ಅಂಟು, ಒಳಗೆ ಒದ್ದೆ. ಕುಕ್ಕರಿನಲ್ಲಿ ಬೇಯಿಸಿಕೊಂಡು ಆಮೇಲೆ ಹುರಿದೆ. ನಾರು ನಾರಾಯಿತು, ರುಚಿಯೆಲ್ಲ ನೀರಿನ ಪಾಲು. ನಾನ್‌ಸ್ಟಿಕ್ಕಿನಲ್ಲಂತೂ ಬಣ್ಣವೇ ಬರಲಿಲ್ಲ. ಈ ಪ್ರಯೋಗಗಳಿಗೆ ಹೋದ ಮಾಂಸ ಕಡಿಮೆ ಅಂದರೂ ನಾಲ್ಕೈದು ಕೆಜಿ. ಕೆಜಿಗೆ 380, 400 ರೂಪಾಯಿ ಲೆಕ್ಕದಲ್ಲಿ ಎಷ್ಟಾಯಿತು ನೀವೇ ನೋಡಿ.

ಈಗ ನಾನು ಖೀಮಾ ಕೊಳ್ಳುವುದೇ ಇಲ್ಲ. ಭುಜದ ಮಾಂಸ ಏಳು ಪಾಲು, ಹೊಟ್ಟೆಯ ಕೊಬ್ಬು ಮೂರು ಪಾಲು ಅಂತ ಕೇಳಿ ತರುತ್ತೇನೆ. ನಮ್ಮ ಕಡೆ ಪೋರ್ಕ್ ಅಂಗಡಿಯವರು ಬಫಾತಿನ (ಮಂಗಳೂರಿನ ಹಂದಿ ಮಾಂಸದ ಸಾರು) ಲೆಕ್ಕದಲ್ಲೇ ಕಡಿಯುತ್ತಾರೆ, ತೊಗಲು ಸಮೇತ. ತೊಗಲನ್ನು ಬೇರೆ ತೆಗೆಸಿಕೊಳ್ಳಬೇಕು. ಸಣ್ಣಗೆ ಕೊಚ್ಚಿ ಹುರಿದರೆ ಅದು ಕಲ್ಲಾಗುತ್ತದೆ. ಎಸೆಯಬೇಡಿ, ಮುಂದಿನ ಬಫಾತಿಗೆ ಇಟ್ಟುಕೊಳ್ಳಿ. ಮಾಂಸವನ್ನು ಫ್ರೀಜರಿನಲ್ಲಿ ಮುಕ್ಕಾಲು ಗಂಟೆ ಇಟ್ಟು, ಸ್ವಲ್ಪ ಗಟ್ಟಿಯಾದ ಮೇಲೆ ಮರದ ಹಲಗೆಯಲ್ಲಿ ಕೈಯಾರೆ ಕೊಚ್ಚುತ್ತೇನೆ. ಕಡಲೆಬೇಳೆ ಗಾತ್ರಕ್ಕೆ ಬಂದರೆ ಸಾಕು. ಅರ್ಧ ಕೆಜಿಗೆ ಇಪ್ಪತ್ತು ನಿಮಿಷ ಹಿಡಿಯುತ್ತದೆ. ಕೈ ನೋಯುತ್ತದೆ ನಿಜ. ಆದರೆ ಮೆಷಿನ್ ಖೀಮಾಕ್ಕೂ ಇದಕ್ಕೂ ಇರುವ ವ್ಯತ್ಯಾಸ ಒಂದು ಸಲ ನೋಡಿದವರು ಹಿಂದಕ್ಕೆ ಹೋಗುವುದಿಲ್ಲ.

ಹುರಿಯಲು ಕಬ್ಬಿಣದ ಬಾಣಲೆಯೇ ಬೇಕು. ಕೊಬ್ಬಿನ ಚೂರನ್ನು ಮೊದಲು ಕರಗಿಸಿಕೊಂಡು, ಅದರಲ್ಲೇ ಮಾಂಸ ಹಾಕಿ ದೊಡ್ಡ ಉರಿ. ಬಿಡಿಬಿಡಿ ಆದ ಮೇಲೆ ಮಧ್ಯಮ ಉರಿ. ಮೊದಲು ಕೊಬ್ಬು ಹಾಲು ಬೆರೆಸಿದಂತೆ ಬೆಳ್ಳಗೆ ಇರುತ್ತದೆ, ಚಟಪಟ ಶಬ್ದ ಇರುತ್ತದೆ. ನೀರೆಲ್ಲ ಹೋದ ಮೇಲೆ ಕೊಬ್ಬು ತಿಳಿಯಾಗುತ್ತದೆ, ಶಬ್ದವೂ ಬದಲಾಗುತ್ತದೆ. ಅಲ್ಲಿಯವರೆಗೆ ಬೇರೆ ಏನನ್ನೂ ಹಾಕಬಾರದು. ಉಪ್ಪೂ ಬೇಡ. ಆಮೇಲೆ ಕೊಚ್ಚಿದ ಶುಂಠಿ, ಬಾಣಲೆಯ ಅಂಚಿನಿಂದ ಸೋಯಾ ಸಾಸ್, ಚಿಟಿಕೆ ಬೆಲ್ಲ. ಸಿಚುವಾನಿನವರು ಇಲ್ಲಿ ಗೋಧಿ ಹುದುಗಿಸಿ ಮಾಡಿದ ಸಿಹಿ ಪೇಸ್ಟ್ ಹಾಕುತ್ತಾರೆ. ನನಗೆ ಅದು ಇಲ್ಲಿ ಸಿಗುವುದಿಲ್ಲ. ಚೀನೀ ಸಿಹಿ ಸಾಸ್ ಹೋಯಿಸಿನ್ ಹಾಕಿದರೆ ಸಿಹಿ ಅತಿಯಾಗುತ್ತದೆ. ಕಪ್ಪು ಸೋಯಾ ಮತ್ತು ಬೆಲ್ಲದ ಜೊತೆ ನಾನು ಇನ್ನೊಂದು ವಸ್ತು ಸೇರಿಸುತ್ತೇನೆ. ಅದು ನಿಮ್ಮ ಮನೆಯಲ್ಲೂ ಇದೆ, ಆದರೆ ಡಬ್ಬಿ ಮಾರುವವರೆಗೆ ಅದು ನನ್ನಲ್ಲೇ ಇರಲಿ. ಮತ್ತೆ ನಾಲ್ಕು ನಿಮಿಷ ಹುರಿದು ಇಳಿಸಿ. ಅರ್ಧ ಕೆಜಿ ಮಾಂಸ 300 ಗ್ರಾಂ ಚಿಲ್ಲರೆಗೆ ಇಳಿದಿರಬೇಕು. ಅದಕ್ಕಿಂತ ಜಾಸ್ತಿ ತೂಗಿದರೆ ಇನ್ನೂ ನೀರಿದೆ ಅಂತ ಅರ್ಥ.

ಬಫಾತ್ ಪುಡಿ ಹಾಕಿಯೂ ಒಂದು ಬಾಣಲೆ ಹುರಿದೆ. ಡಾನ್ ಡಾನ್‌ಗೆ ಸರಿಹೋಗಲಿಲ್ಲ, ಕೊತ್ತಂಬರಿ ಜೀರಿಗೆ ಮುಂದೆ ಬೇರೆ ಯಾವುದೂ ನಿಲ್ಲಲಿಲ್ಲ. ಅದೇ ಖೀಮಾ ಸನ್ನಾಸ್ (ಹುದುಗಿಸಿದ ಅಕ್ಕಿಯ ಇಡ್ಲಿ) ಜೊತೆ ಅದ್ಭುತವಾಗಿತ್ತು. ಮನೆಯಲ್ಲಿ ಈಗ ಅದಕ್ಕೆ ಬೇರೆಯೇ ಬೇಡಿಕೆ ಇದೆ.

ಇನ್ನು ತೆಪ್ಪಲ್. ಸಿಚುವಾನ್ ಪೆಪ್ಪರ್ ಮತ್ತು ತೆಪ್ಪಲ್ ಹತ್ತಿರದ ನೆಂಟರು, ಎರಡೂ ನಿಂಬೆ ಕುಟುಂಬದವು. ಎರಡರಲ್ಲೂ ಬೇಕಾದ್ದು ಸಿಪ್ಪೆ, ಒಳಗಿನ ಕಪ್ಪು ಬೀಜ ಬೇಡ. ನಿಂಬೆ ಜಾತಿಯ ಗಿಡಗಳಿಗೆ ಕಜ್ಜಿ ರೋಗ ಹಬ್ಬುತ್ತದೆ ಅನ್ನುವ ಭಯಕ್ಕೆ ಅಮೆರಿಕದವರು 1968ರಿಂದ 2005ರವರೆಗೆ ಸಿಚುವಾನ್ ಪೆಪ್ಪರ್ ಆಮದನ್ನೇ ನಿಷೇಧಿಸಿದ್ದರು. ಅಲ್ಲಿನ ಅಡುಗೆಯವರಿಗೆ ಪಕ್ಕದಲ್ಲಿ ತೆಪ್ಪಲ್ ಮರ ಇರಲಿಲ್ಲ. ನಮಗೆ ಇದೆ, ಅಲ್ವಾ? ಆಂಟಿಯ ತವರು ಮೂಡುಬಿದಿರೆ ಕಡೆ. ಅಲ್ಲಿ ಮೈತುಂಬ ಮುಳ್ಳಿನ ಒಂದು ಮರ. ಮಳೆಗಾಲ ಮುಗಿಯುವ ಹೊತ್ತಿಗೆ ಕಾಯಿ ಬರುತ್ತದೆ.

ಅದನ್ನು ನೇರ ಖೀಮಾ ಜೊತೆ ಹುರಿದರೆ ಕಹಿ. ಕುದಿಯುವ ಎಣ್ಣೆಗೆ ಹಾಕಿದರೆ ಔಷಧದ ವಾಸನೆ. ಬಾವ ಮೂಗು ಮುರಿದದ್ದು ಆ ಹಂತದಲ್ಲೇ. ಹಾದಿ ಸಿಕ್ಕಿದ್ದು ಬಂಗುಡೆ ಸಾರಿನಿಂದ. ಕೊಂಕಣಿಯವರು ತೆಪ್ಪಲನ್ನು ಮಸಾಲೆಯ ಜೊತೆ ಅರೆಯುವುದಿಲ್ಲ. ಜಜ್ಜಿ, ಕೊನೆಯಲ್ಲಿ ಬಿಡುತ್ತಾರೆ. ಜಾಸ್ತಿ ಕುದಿಸುವುದೂ ಇಲ್ಲ. ಅದೇ ಶಿಸ್ತನ್ನು ಎಣ್ಣೆಗೆ ತಂದೆ. ಎಣ್ಣೆ ಕಾಯಿಸಿ ಇಳಿಸಿ, 110 ಡಿಗ್ರಿ ಆಸುಪಾಸಿಗೆ ಬಂದ ಮೇಲೆ ಬೀಜ ತೆಗೆದ ಒಣ ಸಿಪ್ಪೆ ಹಾಕಿ ಮುಚ್ಚಿಡುತ್ತೇನೆ. ಥರ್ಮಾಮೀಟರ್ ಇಲ್ಲದವರು ಒಂದು ಸಿಪ್ಪೆ ಹಾಕಿ ನೋಡಿ. ಸಣ್ಣ ಗುಳ್ಳೆ ಬರಬೇಕು, ಕಪ್ಪಾಗಬಾರದು. ರಾತ್ರಿಯಿಡೀ ಬಿಟ್ಟು ಬೆಳಿಗ್ಗೆ ಸೋಸುವುದು. ಇದರ ಜೊತೆ ಸ್ವಲ್ಪ ಸಿಪ್ಪೆಯನ್ನು ಸಣ್ಣ ಉರಿಯಲ್ಲಿ ಬೆಚ್ಚಗೆ ಮಾಡಿ, ಕುಟ್ಟಿ, ಜರಡಿ ಹಿಡಿದು ಪುಡಿ. ಎಣ್ಣೆಯಿಂದ ಪರಿಮಳ, ಪುಡಿಯಿಂದ ನಾಲಿಗೆ ಜುಮ್ಮೆನ್ನುವುದು. ಎರಡರಲ್ಲಿ ಒಂದನ್ನೇ ಹಾಕಿದರೆ ಅರ್ಧ ಕೆಲಸ.

ಪಕ್ಕಪಕ್ಕ ಇಟ್ಟು ಹೋಲಿಸಿಯೂ ನೋಡಿದೆ. ಆಮದಾದ ಸಿಚುವಾನ್ ಪೆಪ್ಪರ್ 50 ಗ್ರಾಂಗೆ 300 ರೂಪಾಯಿ ಹತ್ತಿರ ಕೊಟ್ಟ ನೆನಪು. ಅದರಲ್ಲೂ ಹಳೆಯ ಪ್ಯಾಕೆಟ್ ಬಂದರೆ ಹುಲ್ಲಿನ ರುಚಿ ಬಿಟ್ಟು ಏನೂ ಇರುವುದಿಲ್ಲ. ನೇಪಾಳದ ತಿಮೂರ್ ಕೂಡ ಇದೇ ಬಳಗ. ನಿಂಬೆ ವಾಸನೆ ಚುರುಕು, ಜುಮ್ಮು ಜೋರು. ತೆಪ್ಪಲಿಗೆ ಕಿತ್ತಳೆ ಸಿಪ್ಪೆಯಂಥ ವಾಸನೆ, ಜುಮ್ಮು ಸ್ವಲ್ಪ ಮೆತ್ತಗೆ. ಹಾಗಾಗಿ ಸಿಚುವಾನ್ ಪೆಪ್ಪರ್ ಒಂದು ಚಮಚ ಬೇಕಾದಲ್ಲಿ ತೆಪ್ಪಲ್ ಒಂದೂವರೆ. ಹೊಸ ತೆಪ್ಪಲ್ ಆದರೆ ಹಳಸಿದ ಆಮದು ಮಾಲಿಗಿಂತ ನೂರು ಪಾಲು ಮೇಲು. ಎಣ್ಣೆಯ ಬಟ್ಟಲು ಮುಂದಿಟ್ಟಾಗ ಬಾವ ಇದು ತಿಮೂರ್ ಅಂದುಕೊಂಡರು. ತೆಪ್ಪಲ್ ಅಂದ ಮೇಲೂ ನಂಬಲಿಲ್ಲ. ಸಿಪ್ಪೆ ತೋರಿಸಬೇಕಾಯಿತು.

ಮೆಣಸಿನ ಎಣ್ಣೆಗೆ ನಮ್ಮಲ್ಲಿ ಕೊರತೆಯೇ ಇಲ್ಲ. ಸಿಚುವಾನಿನವರು ಹುಡುಕುವುದು ಬಣ್ಣ, ಪರಿಮಳ ಇದ್ದು ಖಾರ ಹದವಾಗಿರುವ ಮೆಣಸು. ಅಂದರೆ ನಮ್ಮ ಬ್ಯಾಡಗಿ. ಈ ಉದ್ದ ಮೆಣಸು ಮೂರು ಪಾಲು, ಖಾರದ ಗಿಡ್ಡ ಮೆಣಸು ಒಂದು ಪಾಲು. ತಯಾರಿ ಪುಡಿ ಬೇಡವೇ ಬೇಡ. ನುಣ್ಣಗಿರುವುದರಿಂದ ಬಿಸಿ ಎಣ್ಣೆ ಬಿದ್ದ ಕೂಡಲೇ ಸೀದು ಹೋಗುತ್ತದೆ. ಮೆಣಸನ್ನು ಒಂದು ತೊಟ್ಟು ಎಣ್ಣೆಯಲ್ಲಿ ಗರಿಗರಿ ಹುರಿದು, ಬೀಜ ಸಮೇತ ತರಿತರಿಯಾಗಿ ಕುಟ್ಟಬೇಕು. ಕಡಲೆಕಾಯಿ ಎಣ್ಣೆಯಲ್ಲಿ ಶುಂಠಿ, ಈರುಳ್ಳಿ ಹೂ, ಚಕ್ರಮೊಗ್ಗು, ಚೆಕ್ಕೆ ಕಾಯಿಸಿ ಸೋಸಿ, ಮೂರು ಕಂತಿನಲ್ಲಿ ಹುಯ್ಯುವುದು. ಮೊದಲ ಕಂತು ಜೋರು ಬಿಸಿ, 180ರ ಹತ್ತಿರ. ಎರಡನೆಯದು 150. ಕೊನೆಯದು 120. ಕಂತುಗಳ ನಡುವೆ ಕೈಯಾಡಿಸಿ. ಸಾಸಿವೆ ಎಣ್ಣೆಯಲ್ಲೂ ಮಾಡಿದೆ, ಯಾಕೆಂದರೆ ಸಿಚುವಾನಿನಲ್ಲಿ ಬಳಸುವುದು ಅದರ ಹತ್ತಿರದ ಎಣ್ಣೆ. ಹೊಗೆ ಬರುವವರೆಗೆ ಕಾಯಿಸಿ ಆರಿಸಿದರೆ ಘಾಟು ಹೋಗುತ್ತದೆ, ಚೆನ್ನಾಗಿಯೂ ಇರುತ್ತದೆ. ಆದರೆ ನಮ್ಮ ಗಿರಾಕಿಗಳಿಗೆ ಆ ವಾಸನೆ ಹಿಡಿಸಲಿಲ್ಲ. ಅರ್ಧ ಲೀಟರ್ ಎಣ್ಣೆಗೆ ಮೆಣಸು 100 ಗ್ರಾಂ ಆಗುತ್ತದೆ. ಎಣ್ಣೆಯನ್ನು ಮರುದಿನವೇ ಬಳಸಿ, ಅದೇ ದಿನ ಬೇಡ.

ಯಿಬಿನ್ ಊರಿನ ಯಾ ಚಾಯ್ ಅಂತ ಉಪ್ಪು ಹಾಕಿ ಹುದುಗಿಸಿದ ಸಾಸಿವೆ ದಂಟು ಇದೆ. ಡಾನ್ ಡಾನ್‌ಗೆ ಅದು ಜೀವ. ಅದರ ಬದಲು ನಾನು ಗುಂಡ್ರುಕ್ (ನೇಪಾಳದವರು ಹುದುಗಿಸಿ ಒಣಗಿಸುವ ಸೊಪ್ಪು) ತಂದು ನೆನೆಸಿ ಹಾಕಿದೆ. ಹುಳಿ ಜಾಸ್ತಿಯಾಯಿತು, ಯಾ ಚಾಯ್‌ನಲ್ಲಿ ಸಿಹಿ ಮುಂದೆ ಇರುತ್ತದೆ. ಕೊನೆಗೆ ಸಾಸಿವೆ ಸೊಪ್ಪಿನ ದಂಟನ್ನು ಬಿಸಿಲಿಗೆ ಬಾಡಿಸಿ, ಉಪ್ಪು, ಬೆಲ್ಲ, ಚಕ್ರಮೊಗ್ಗು ಹಾಕಿ ಭರಣಿಯಲ್ಲಿ ಒತ್ತಿಟ್ಟೆ. ಚೆನ್ನಾಗಿ ಬಂತು. ಮಳೆಗಾಲದಲ್ಲಿ ಇಟ್ಟ ಭರಣಿ ಮಾತ್ರ ಬೂಷ್ಟು ಹಿಡಿಯಿತು, ಅಷ್ಟನ್ನೂ ಎಸೆದೆ. ನಮ್ಮ ಕರಾವಳಿಯ ಗಾಳಿಯಲ್ಲಿ ಇದನ್ನು ಡಿಸೆಂಬರಿನಿಂದ ಮಾರ್ಚ್ ಒಳಗೆ ಮಾಡಿ ಮುಗಿಸಬೇಕು.

ಎಳ್ಳಿನ ಪೇಸ್ಟಿಗೆ ಅಂಗಡಿಯ ತಾಹಿನಿ ಬೇಡ, ಅದರಲ್ಲಿ ಹುರಿದ ಪರಿಮಳ ಕಡಿಮೆ. ಬಿಳಿ ಎಳ್ಳು ಹೊಂಬಣ್ಣಕ್ಕೆ ಹುರಿದು ಮಿಕ್ಸಿಯಲ್ಲಿ ಎಣ್ಣೆ ಬಿಡುವವರೆಗೆ ತಿರುಗಿಸಿ. ಚೀನಾದವರು ಹಾಕುವ ಕಪ್ಪು ವಿನೆಗರ್ ಬದಲು ಕೊಡಗಿನ ಕಪ್ಪು ಹುಳಿ ಕಾಚಂಪುಳಿ. ಇದು ನನಗೆ ತುಂಬಾ ಹೆಮ್ಮೆಯ ಬದಲಾವಣೆ. ಪಂದಿ ಕರಿಗೆ ಒಗ್ಗಿದ ಹುಳಿ ಈ ಹಂದಿ ಖೀಮಾಕ್ಕೂ ಒಗ್ಗಿತು. ಆದರೆ ಅದು ತುಂಬಾ ಗಟ್ಟಿ. ನಾಲ್ಕು ಪಾಲು ನೀರಲ್ಲಿ ಕದಡಿ, ಚಿಟಿಕೆ ಸಕ್ಕರೆ ಹಾಕಿ ಬಳಸಬೇಕು.

ನೂಡಲ್ಸ್ ಕೊಂಡದ್ದಾದರೂ ನಡೆಯುತ್ತದೆ, ತೆಳ್ಳಗಿನ ಗೋಧಿ ನೂಡಲ್ಸ್ ಆಗಿರಲಿ. ಮನೆಯಲ್ಲಿ ಮಾಡುವವರು ಅಡುಗೆ ಸೋಡಾವನ್ನು ಓವನ್‌ನಲ್ಲಿ 120 ಡಿಗ್ರಿಗೆ ಒಂದು ಗಂಟೆ ಇಟ್ಟು ಅದನ್ನು ಹಿಟ್ಟಿಗೆ ಹಾಕಿ. ಅರ್ಧ ಕೆಜಿ ಮೈದಾಕ್ಕೆ ಒಂದು ಸಣ್ಣ ಚಮಚ ಸಾಕು. ಎಳೆ ಮೆತ್ತಗಾಗುವುದಿಲ್ಲ, ಸ್ವಲ್ಪ ಹಳದಿ ಬಣ್ಣವೂ ಬರುತ್ತದೆ. ಸೇಮಿಗೆ ಒತ್ತುವ ಮಣೆಯಲ್ಲಿ ಈ ಹಿಟ್ಟು ಒತ್ತಲು ಹೋಗಬೇಡಿ, ಮಣೆಯ ಹಿಡಿ ಮುರಿಯುತ್ತದೆ. ನಮ್ಮದು ಮುರಿಯಿತು, ರಿಪೇರಿಗೆ 250 ರೂಪಾಯಿ. ಅಕ್ಕಿ ಸೇಮಿಗೆಯನ್ನೇ ಒತ್ತಿ ಈ ಸಾಸಿನಲ್ಲಿ ಕಲಸಿದ್ದು ಬೇರೆ ಕಥೆ. ಡಾನ್ ಡಾನ್ ಅಂತ ಕರೆಯಲಾರೆ, ಆದರೆ ಮಕ್ಕಳು ಅದನ್ನೇ ಕೇಳುತ್ತಾರೆ.

ಬಟ್ಟಲಿನ ಲೆಕ್ಕ ಸುಮಾರಾಗಿ ಹೀಗೆ. ತಳಕ್ಕೆ ಸೋಯಾ ಸಾಸ್ ಒಂದು ದೊಡ್ಡ ಚಮಚ, ಎಳ್ಳಿನ ಪೇಸ್ಟ್ ಎರಡು ಸಣ್ಣ ಚಮಚ, ಕದಡಿದ ಕಾಚಂಪುಳಿ ಒಂದು ಸಣ್ಣ ಚಮಚ, ಜಜ್ಜಿದ ಬೆಳ್ಳುಳ್ಳಿ, ಮೆಣಸಿನ ಎಣ್ಣೆ ತರಿ ಸಮೇತ ಎರಡು ದೊಡ್ಡ ಚಮಚ, ತೆಪ್ಪಲ್ ಎಣ್ಣೆ ಒಂದು ಸಣ್ಣ ಚಮಚ, ಪುಡಿ ಕಾಲು ಚಮಚ. ನೂಡಲ್ಸ್ ಬೇಯಿಸಿದ ನೀರು ಎರಡು ಮೂರು ಚಮಚ ಹಾಕಿ ಕದಡಿ. ಅದರ ಮೇಲೆ ಬಿಸಿ ನೂಡಲ್ಸ್, ಖೀಮಾ, ದಂಟು, ಈರುಳ್ಳಿ ಹೂ. ತಕ್ಷಣ ಕಲಸಿ ತಿನ್ನಬೇಕು.

ದುಡ್ಡಿನ ವಿಷಯ. ಒಂದು ಬಟ್ಟಲಿಗೆ ಹಸಿ ಮಾಂಸ 75 ಗ್ರಾಂ ಹತ್ತಿರ ಬೇಕು, ಅಲ್ಲಿಗೆ 30 ರೂಪಾಯಿ. ನೂಡಲ್ಸ್, ಎಣ್ಣೆ, ಎಳ್ಳು, ಸೋಯಾ, ಗ್ಯಾಸ್ ಎಲ್ಲ ಸೇರಿ 80, 85 ಆಗುತ್ತದೆ. ಆಮದಿನ ಮಾಲು ಬಳಸುತ್ತಿದ್ದಾಗ 140 ದಾಟುತ್ತಿತ್ತು. ಡಬ್ಬಿಗೆ 180 ಇಟ್ಟಿದ್ದೇನೆ. ದೊಡ್ಡ ಹೋಟೆಲಿನಲ್ಲಿ ಇದೇ ತಿಂಡಿಗೆ 450 ಕೊಟ್ಟಿದ್ದೇನೆ, ಅಲ್ಲಿ ಖೀಮಾ ಒದ್ದೆಯಾಗಿತ್ತು.

ಮಾರುವ ಯೋಚನೆ ಇರುವವರು ಸಾಸ್, ನೂಡಲ್ಸ್, ಖೀಮಾ ಮೂರನ್ನೂ ಬೇರೆ ಬೇರೆ ಕಟ್ಟಿ. ಒಟ್ಟಿಗೆ ಹಾಕಿದರೆ ಹತ್ತು ನಿಮಿಷದಲ್ಲಿ ಖೀಮಾದ ಗರಿ ಹೋಗುತ್ತದೆ. ಬೇಯಿಸಿದ ನೂಡಲ್ಸಿಗೆ ಒಂದು ಚಮಚ ಎಣ್ಣೆ ಸವರಿ. ಖೀಮಾ ಫ್ರಿಜ್ಜಿನಲ್ಲಿ ಮೂರು ದಿನ ಧಾರಾಳ ನಿಲ್ಲುತ್ತದೆ, ಮೆಣಸಿನ ಎಣ್ಣೆ ಎರಡು ತಿಂಗಳು. ತೆಪ್ಪಲ್ ಪುಡಿಯನ್ನು ಮಾತ್ರ ವಾರಕ್ಕಾಗುವಷ್ಟೇ ಕುಟ್ಟಿ.