ಸ್ಟ್ಯಾಂಡ್‌ಅಪ್‌ನಲ್ಲಿ ಬೈಗುಳ ಮತ್ತು ದೇವರು: ಬರೆಯೋದು ಹೇಗೆ?

ಬೆಂಗಳೂರಿನಲ್ಲಿ ಕನ್ನಡ ಸ್ಟ್ಯಾಂಡ್‌ಅಪ್ ಕಾಮಿಡಿಯ ಓಪನ್ ಮೈಕ್ (ಹೊಸಬರೂ ವೇದಿಕೆ ಹತ್ತಿ ಜೋಕ್ ಹೇಳೋ ಕಾರ್ಯಕ್ರಮ) ನಡೆಸುವವಳು ನಾನು. ಹೊಸಬರು ಬಂದು ಕೇಳೋದು ಎರಡೇ ಪ್ರಶ್ನೆ: 'ಬೈಬಹುದಾ ಅಕ್ಕಾ? ದೇವರ ಬಗ್ಗೆ ಹೇಳಬಹುದಾ?' ಎರಡಕ್ಕೂ ಹೌದು ಅಂತಲೇ ಹೇಳುತ್ತೇನೆ. ಆದರೆ ಬರೆದದ್ದನ್ನು ಮೊದಲು ನನ್ನೆದುರು ಓದಬೇಕು.

ಮೊದಲು ಬೈಗುಳ. ಸ್ಕ್ರಿಪ್ಟ್‌ನಲ್ಲಿರುವ ಅಷ್ಟಕ್ಕೂ ಕೆಂಪು ಪೆನ್ನಲ್ಲಿ ಗೆರೆ ಎಳೆಯಿರಿ. ಬೈತಿರೋದು ಯಾರು ಅಂತ ನೋಡಿ. ಸಿಲ್ಕ್ ಬೋರ್ಡ್ ಜಂಕ್ಷನ್‌ನಲ್ಲಿ ಮುಕ್ಕಾಲು ಗಂಟೆ ಕಾರಲ್ಲಿ ಕೂತವನ ಪಾತ್ರವಾದರೆ ಇರಲಿ, ಅವನು ಮಾತಾಡೋದೇ ಹಾಗೆ. ನಿಮ್ಮದೇ ಬಾಯಲ್ಲಿ, ಪಂಚ್ (ನಗಿಸೋ ಸಾಲು) ಆದಮೇಲೆ ಬಂದಿದ್ದರೆ ಅದನ್ನು ಬಿಟ್ಟು ಒಂದು ಸಲ ಹೇಳಿ. ನಗು ಬಂದರೆ ಬೈಗುಳ ಬೇಕಿರಲಿಲ್ಲ. ಬರದಿದ್ದರೆ ಜೋಕ್ ಇನ್ನೂ ಆಗಿಲ್ಲ.

ನಮ್ಮ ಬೈಗುಳಗಳಲ್ಲಿ ಜಾಸ್ತಿ ಪಾಲು ಯಾರದೋ ತಾಯಿಯ ಮೇಲೋ ಗಂಡ ಸತ್ತವಳ ಮೇಲೋ ಹೋಗಿ ಬೀಳುತ್ತವೆ. ರಸ್ತೆ ಅಗೆದು ಮುಚ್ಚದೆ ಹೋದವನು ಕಂಟ್ರಾಕ್ಟರು, ಬೈಸಿಕೊಳ್ಳೋದು ಅವನ ಅಮ್ಮ. ನನಗಂತೂ ಇದು ಸಹಿಸೋಕಾಗಲ್ಲ. ಜಾತಿ ಹೆಸರನ್ನೇ ಬೈಗುಳ ಮಾಡಿದ್ದರೆ ಪಾತ್ರದ ಬಾಯಲ್ಲೂ ಬೇಡ. ಪರಿಶಿಷ್ಟರನ್ನು ಜಾತಿ ಹಿಡಿದು ನಾಲ್ಕು ಜನರೆದುರು ಬೈಯೋದು ದೌರ್ಜನ್ಯ ತಡೆ ಕಾಯ್ದೆಯಡಿ ಅಪರಾಧ. ಕಾಯ್ದೆ ಇಲ್ಲದಿದ್ದರೂ ಬಿಡಬೇಕಾದ ಮಾತದು.

ಬರೀ ಒರಟು ಭಾಷೆಯೇ ಅಶ್ಲೀಲ ಆಗಲ್ಲ ಅಂತ 2024ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಒಂದು ವೆಬ್ ಸರಣಿಯ ಕೇಸಿನಲ್ಲಿ ಹೇಳಿದೆ. ಆದರೂ ಪೋಸ್ಟರ್ ಮೇಲೆ 18+ ಅಂತ ಹಾಕಿಬಿಡಿ.

ದೇವರ ವಿಷಯ ಇಷ್ಟು ಸುಲಭ ಅಲ್ಲ. ಹಳೇ ಐಪಿಸಿಯ 295ಎ ಈಗ ಭಾರತೀಯ ನ್ಯಾಯ ಸಂಹಿತೆಯ 299ನೇ ಸೆಕ್ಷನ್. ಬೇಕಂತಲೇ, ಕೆಟ್ಟ ಉದ್ದೇಶದಿಂದ ಧಾರ್ಮಿಕ ಭಾವನೆ ಕೆರಳಿಸಿದರೆ 3 ವರ್ಷದವರೆಗೆ ಜೈಲು. ನಿಮ್ಮ ಉದ್ದೇಶ ಏನಿತ್ತು ಅಂತ ಕೋರ್ಟ್ ನೋಡುತ್ತೆ ನಿಜ, ಆದರೆ ಅದಕ್ಕೂ ಮುಂಚೆ ಆಗೋದೇ ಬೇರೆ. ಸ್ಟ್ಯಾಂಡ್‌ಅಪ್ ಕಲಾವಿದ ಮುನವ್ವರ್ ಫಾರೂಕಿಯನ್ನು ಇದೇ ಆರೋಪದ ಮೇಲೆ 2021ರ ಜನವರಿ 1ರಂದು ಇಂದೋರ್‌ನಲ್ಲಿ ಬಂಧಿಸಿದರು. ಜಾಮೀನು ಸಿಕ್ಕಿದ್ದು ಫೆಬ್ರವರಿ 5ಕ್ಕೆ, ಅದೂ ಸುಪ್ರೀಂ ಕೋರ್ಟ್‌ನಲ್ಲಿ. ಅದೇ ವರ್ಷ ನವೆಂಬರ್‌ನಲ್ಲಿ ನಮ್ಮ ಬೆಂಗಳೂರಲ್ಲೂ ಅವರ ಶೋ ಪೊಲೀಸರ ಪತ್ರ ಬಂದಮೇಲೆ ರದ್ದಾಯಿತು. ಇದು ಅನ್ಯಾಯ ಅಂತಲೇ ನಾನು ಹೇಳೋದು. ಆದರೆ ನೀವು ಇದನ್ನೆಲ್ಲ ತಿಳಿದುಕೊಂಡೇ ವೇದಿಕೆ ಹತ್ತಬೇಕು.

ಹಾಗಂತ ದೇವಸ್ಥಾನದ ಜೋಕನ್ನೇ ಬಿಡಬೇಕಾಗಿಲ್ಲ. ಗುರಿ ನೋಡಿಕೊಳ್ಳಿ. ತಿರುಪತಿಯ 300 ರೂಪಾಯಿ ದರ್ಶನದ ಟಿಕೆಟ್ ತಗೊಳ್ಳಿ. 'ದೇವರಿಗೂ ದುಡ್ಡಿದ್ದವರೇ ಬೇಕು' ಅಂದರೆ ಹಾಲ್ ಗಪ್‌ಚಿಪ್. ಎಲ್ಲರೂ ಕೇಳಿರೋ ಮಾತು, ಅದರಲ್ಲಿ ಮನುಷ್ಯರೇ ಇಲ್ಲ. ಅದನ್ನೇ ಹೀಗೆ ತಿರುಗಿಸಿ: ಟಿಕೆಟ್ ಕ್ಯೂನಲ್ಲಿರೋ ಮಾವ ಫ್ರೀ ಕ್ಯೂನವರನ್ನು ನೋಡಿ 'ಪಾಪ' ಅಂತಾರೆ. ಒಳಗೆ ಹೋದರೆ ಎರಡೂ ಕ್ಯೂ ಸೇರಿ ಒಂದಾಗುತ್ತೆ. ಫ್ರೀ ಕ್ಯೂನವನು ಮಾವನ ಪಕ್ಕದಲ್ಲೇ! ಮಾವ ಸ್ವಾಮಿ ಕಡೆ ಬೆನ್ನು ಮಾಡಿ, 'ನೀನು ಹೆಂಗೆ ಬಂದೆ?' ಅಂತ ವಿಚಾರಿಸೋಕೆ ನಿಂತರು. ಅಷ್ಟರಲ್ಲಿ ಸಿಬ್ಬಂದಿ ತೆಲುಗಲ್ಲಿ 'ಜರಗಂಡಿ, ಜರಗಂಡಿ!' ಅಂತ ಮುಂದಕ್ಕೆ ಸರಿಸಿದರು. ದರ್ಶನ ಮುಗೀತು. ಇದಕ್ಕೆ ಭಕ್ತರೇ ಮೊದಲು ನಗುತ್ತಾರೆ, ಯಾಕೆಂದರೆ ಇಂಥ ಮಾವ ಎಲ್ಲರ ಮನೆಯಲ್ಲೂ ಇದ್ದಾರೆ.

ಕಲ್ಲ ನಾಗರಕ್ಕೆ ಹಾಲೆರೆದು ದಿಟದ ನಾಗರ ಕಂಡರೆ ಕೊಲ್ಲು ಅನ್ನೋರನ್ನು ಬಸವಣ್ಣ 12ನೇ ಶತಮಾನದಲ್ಲೇ ಹಿಡಿದು ಕೇಳಿದ್ದರು. ಅಲ್ಲೂ ಗುರಿ ನಾಗರ ಅಲ್ಲ, ಹಾಲಿನ ಚೊಂಬು ಹಿಡಿದವನು.

ನಿಮ್ಮ ಮನೆಯ ಆಚರಣೆಯಿಂದಲೇ ಶುರುಮಾಡಿ. ಬೇರೆ ಧರ್ಮದ ಜೋಕ್ ಇದ್ದರೆ ಆ ಧರ್ಮದ ಸ್ನೇಹಿತರ ಮುಂದೆ ಮೊದಲು ಹೇಳಿ, ಅವರ ಮುಖ ನೋಡಿ.

ಕೊನೆಗೆ, ವೇದಿಕೆ ಮೇಲೆ ಹೇಳಿದ ಪೂರ್ತಿ ಸೆಟ್ ರೆಕಾರ್ಡ್ ಮಾಡಿ ತೆಗೆದಿಡಿ. ರೀಲ್ಸ್‌ಗೆ ಅಂತ ಸೆಟಪ್ (ಪಂಚ್‌ಗೆ ಮುಂಚಿನ ಭಾಗ) ಕತ್ತರಿಸಬೇಡಿ. ಮಾವನ ಜೋಕಲ್ಲಿ ಎರಡು ಕ್ಯೂ ಸೇರೋ ಜಾಗ ಹೋದರೆ, ನೋಡಿದವರಿಗೆ ಕಾಣೋದು ತಿರುಪತಿಯ ಹೆಸರು, ಜನರ ನಗು ಅಷ್ಟೇ. ಪೂರ್ತಿ ಜೋಕ್ 30 ಸೆಕೆಂಡಿನೊಳಗೆ ಮುಗಿಯದಿದ್ದರೆ ಅದನ್ನು ನೆಟ್ಟಿಗೆ ಹಾಕಲೇಬೇಡಿ, ವೇದಿಕೆಗೇ ಇಟ್ಟುಕೊಳ್ಳಿ.